ಗಿರಿಜಕ್ಕ ಮೂಸಿದ ಸಕ್ಕರೆ

ಗಿರಿಜಕ್ಕ ಯಾರ ಮುಖವನ್ನೂ ಮೊದಲು ನೋಡಿದವರಲ್ಲ. ಅವರು ಮೊದಲು ನೋಡುತ್ತಿದ್ದುದು ಉಸಿರನ್ನು. ಲ್ಯಾಬಿಗೆ ರಕ್ತ ಪರೀಕ್ಷೆಗೆ ಬಂದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೋಳು ಮಡಚಿದ ಮೇಲೆ, ರಬ್ಬರ್ ಪಟ್ಟಿ ಬಿಗಿಯುವ ನೆಪದಲ್ಲಿ ಬಗ್ಗುತ್ತಿದ್ದರು. ಗುಟ್ಟು ಹೇಳಲು ಬಂದವರ ಹಾಗೆ ಮುಖವನ್ನು ಹತ್ತಿರಕ್ಕೆ ತಂದು, ಕಣ್ಣು ಅರ್ಧ ಮುಚ್ಚಿ, ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. "ಹ್ಞಾಂ, ಮುಷ್ಟಿ ಹಿಡಿ ಮಾರಾಯ" ಎಂದರೆ ಆ ದಿನಕ್ಕೆ ಬದುಕಿಕೊಂಡ ಹಾಗೆ. ಏನೂ ಹೇಳದೆ ಇನ್ನೊಮ್ಮೆ ಮೂಸಿದರೆ, ಹೊರಗೆ ಬೆಂಚಿನಲ್ಲಿ ಸರದಿ ಕಾಯುತ್ತಿದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದರು.

"ಗಿರಿಜಕ್ಕ ಎರಡು ಸಲ ಮೂಸಿದ್ರೆ ಮನೆಗೊಂದು ಫೋನ್ ಮಾಡಿಬಿಡು" ಎಂಬುದು ಕೊಪ್ಪದ ನಮ್ಮ ಬಾಳಗಡಿಯ ತಮಾಷೆ. ಎಲ್ಲರೂ ನಗುತ್ತಲೇ ಹೇಳುತ್ತಿದ್ದರು. ಆ ಕುರ್ಚಿಯಲ್ಲಿ ಕೂತು ನಕ್ಕವರನ್ನು ಮಾತ್ರ ನಾನು ನೋಡಿಲ್ಲ.

ನನ್ನದು ಟೈಲರ್ ಅಂಗಡಿ. ಅವರ ಲ್ಯಾಬಿಗೂ ನನ್ನ ಅಂಗಡಿಗೂ ನಡುವೆ ಒಂದು ಹಲಗೆಯ ಗೋಡೆ, ಅಷ್ಟೆ. ಆ ಕಡೆ ಅವರು ಕೆಮ್ಮಿದರೆ ಈ ಕಡೆ ನನ್ನ ಕತ್ತರಿ ತಪ್ಪುತ್ತಿತ್ತು. ಹದಿನೇಳು ವರ್ಷ ಹಾಗೆ ಕಳೆದಿದ್ದೇವೆ. ಅವರು ದಿನಾ ಎಂಟರ ಬಸ್ಸಿಗೆ ಹಿರೇಕೊಡಿಗೆಯಿಂದ ಬಂದಿಳಿಯುತ್ತಿದ್ದರು. ಮದುವೆ ಆಗಿರಲಿಲ್ಲ. ಕಾರಣ ಕೇಳಿದರೆ, "ನನ್ನ ಜಾತಕದಲ್ಲಿ ಬರೇ ಬೇರೆಯವರ ರಕ್ತ ಬರೆದಿತ್ತು" ಎನ್ನುವರು. ಎತ್ತರದ ಬಡಕಲು ಹೆಂಗಸು, ಕಾಟನ್ ಸೀರೆ, ಮೊಣಕೈವರೆಗಿನ ತೋಳಿನ ಬ್ಲೌಸು. ಆ ಬ್ಲೌಸು ನಾನೇ ಹೊಲಿಯಬೇಕು, ಅಳತೆ ಮಾತ್ರ ತೆಗೆಯಬಾರದು. "ಹೋದ ವರ್ಷದ್ದೇ ಅಳತೆ. ನನ್ನ ಮೈ ನಂಗೆ ಗೊತ್ತು" ಎನ್ನುತ್ತಿದ್ದರು. ದಿನವಿಡೀ ಊರಿನ ಸಕ್ಕರೆ ಅಳೆಯುವ ಈ ಹೆಂಗಸು ಹನ್ನೊಂದು ಗಂಟೆಗೆ ಟೀ ಕುಡಿಯುವಾಗ ಹೆಬ್ಬೆರಳು ಗಾತ್ರದ ಬೆಲ್ಲ ಕಚ್ಚಿಕೊಳ್ಳುತ್ತಿದ್ದರು. ಅದನ್ನು ನೋಡಿದ ರೋಗಿಗಳಿಗೆ ಹೊಟ್ಟೆಕಿಚ್ಚು.

ಅವರು ಮೂಸುತ್ತಿದ್ದ ವಾಸನೆ ಎಂಥದ್ದು ಎಂದು ನಾನೊಮ್ಮೆ ಕೇಳಿದ್ದೆ.

"ಬಾಳೆಹಣ್ಣು ಡಬ್ಬಿಯಲ್ಲಿ ಮುಚ್ಚಿಟ್ಟು ಮರೆತಿದ್ದೀಯ ಅಂತ ಇಟ್ಕೋ. ನಾಲ್ಕು ದಿನ ಆದ್ಮೇಲೆ ಮುಚ್ಚಳ ತೆಗೆದ್ರೆ ಬರ್ತದಲ್ಲ, ಸಿಹಿಯೂ ಹೌದು, ಕೊಳೆತದ್ದೂ ಹೌದು, ಹಾಂಗೆ. ದೇಹಕ್ಕೆ ಸಕ್ಕರೆ ಉಪಯೋಗಕ್ಕೆ ಸಿಗದೆ ಇದ್ದಾಗ ಅದು ತನ್ನ ಕೊಬ್ಬನ್ನೇ ಸುಟ್ಕೊಳ್ತದೆ. ಆ ಹೊಗೆಯ ವಾಸನೆ ಅದು. ಮನೆ ಒಳಗೆ ತೊಲೆ ಕಿತ್ತು ಒಲೆಗೆ ಹಾಕಿದ ಹಾಂಗೆ, ತಿಳೀತಾ?"

ಈ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲವಂತೆ. ಎದುರಿನ ಕ್ಲಿನಿಕ್ಕಿನ ಡಾಕ್ಟರಿಗೆ ಹತ್ತುತ್ತಿರಲಿಲ್ಲ. ಅವರೇ ಹೇಳುತ್ತಿದ್ದರು, "ನನ್ನ ಮೂಗು ಶೀತ ಆದಾಗ ಸುರಿಯೋಕೆ ಮಾತ್ರ ಗಿರಿಜಮ್ಮ. ಉಳಿದದ್ದು ನೀವೇ ನೋಡ್ಕೊಳ್ಳಿ." ಗಿರಿಜಕ್ಕ ನೋಡಿಕೊಳ್ಳುತ್ತಿದ್ದರು, ಆದರೆ ಬಾಯಿ ಬಿಟ್ಟು ರೋಗದ ಹೆಸರು ಹೇಳುತ್ತಿರಲಿಲ್ಲ. "ನಾನು ಡಾಕ್ಟ್ರಲ್ಲ. ನಂಬರ್ ಬರೆಯೋಳು" ಎಂಬುದು ಅವರ ಮಂತ್ರ. ಸಂಶಯ ಬಂದರೆ ರಿಪೋರ್ಟಿನ ಹಿಂದೆ ಒಂದು ಚೀಟಿ ಪಿನ್ನು ಮಾಡಿ ಕಳಿಸುತ್ತಿದ್ದರು. ಒಂದರಲ್ಲಿ "ಸರ್, ಉಸಿರು ಕೇಳಿ", ಇನ್ನೊಂದರಲ್ಲಿ "ಸರ್, ಹೊಟ್ಟೆನೋವು ಕೇಳಿ". ಆ ಚೀಟಿ ನೋಡಿದ ಮೇಲೆ ಡಾಕ್ಟರು ರೋಗಿಯನ್ನು ಮತ್ತೆ ಒಳಗೆ ಕರೆಯದೆ ಇದ್ದದ್ದಿಲ್ಲ.

ನಮಗೆಲ್ಲ ಸಕ್ಕರೆ ಕಾಯಿಲೆ ಎಂದರೆ ಒಂದೇ ಸಕ್ಕರೆ ಕಾಯಿಲೆ. ಅಪ್ಪನಿಗಿತ್ತು, ಅತ್ತೆಗಿದೆ, ನಮಗೂ ಬರುತ್ತದೆ, ಒಂದು ಮಾತ್ರೆ ನುಂಗಿದರೆ ಆಯಿತು. ಮನೆಯಲ್ಲಿ ಒಬ್ಬರ ಮಾತ್ರೆ ಮುಗಿದರೆ ಇನ್ನೊಬ್ಬರ ಡಬ್ಬಿಯಿಂದ ಸಾಲ ತೆಗೆಯುವುದೂ ಉಂಟು, ಕಾಫಿಪುಡಿ ತೆಗೆದ ಹಾಗೆ. ಇದನ್ನು ಕೇಳಿದರೆ ಗಿರಿಜಕ್ಕನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಒಮ್ಮೆ ಎಸ್ಟೇಟಿನವರೊಬ್ಬರಿಗೆ ಅವರು ಬಿಡಿಸಿ ಹೇಳಿದ್ದು ಹಲಗೆ ಗೋಡೆಯಾಚೆಯಿಂದ ನನಗೆ ಕೇಳಿಸಿ ಹಾಗೇ ನೆನಪಿನಲ್ಲಿ ಕೂತಿದೆ.

"ನೋಡಿ, ನಿಮ್ಮ ತೋಟಕ್ಕೆ ಇಪ್ಪತ್ತು ಆಳು ಬಂದಿದಾರೆ, ಆದರೆ ಕೂತು ಎಲೆ ಅಡಿಕೆ ಹಾಕ್ತಿದಾರೆ. ಆಗ ಒಬ್ಬ ಮೇಸ್ತ್ರಿ ಹೋಗಿ ಕೂಗಿದ್ರೆ ಏಳ್ತಾರೆ, ಕೆಲಸ ಆಗ್ತದೆ. ಅದು ಒಂದು ಜಾತಿ ಸಕ್ಕರೆ. ಮಾತ್ರೆ ಅಂದ್ರೆ ಮೇಸ್ತ್ರಿ. ಇನ್ನೊಂದು ಜಾತಿಯಲ್ಲಿ ಆಳೇ ಬಂದಿಲ್ಲ. ಖಾಲಿ ತೋಟದಲ್ಲಿ ಮೇಸ್ತ್ರಿ ಬೆಳಗಿಂದ ಸಂಜೆವರೆಗೆ ಕೂಗಿದ್ರೆ ಕಾಫಿ ಹಣ್ಣು ತಾನೇ ಉದುರಿ ಚೀಲ ತುಂಬ್ತದಾ? ಹೊರಗಿಂದ ಆಳು ಕರೆಸ್ಬೇಕು. ಅದು ಇಂಜೆಕ್ಷನ್."

"ಎರಡೇ ಜಾತಿಯಾ ಹಂಗಾದ್ರೆ?" ಎಂದರು ಅವರು.

"ಎರಡೇ ಆಗಿದ್ರೆ ನಾನು ಯಾವತ್ತೋ ನಿವೃತ್ತಿ ತಗೋತಿದ್ದೆ."

ನನಗೂ ಅವರಿಗೂ ಒಂದು ಒಳ ಒಪ್ಪಂದವಿತ್ತು. ಟೈಲರನ ಹತ್ತಿರ ಎರಡು ತರದ ಹಳೇ ಬಟ್ಟೆ ಬರುತ್ತದೆ: ಸಡಿಲ ಮಾಡಿ ಬಿಡಿಸಲು ಬಂದದ್ದು, ಬಿಗಿ ಮಾಡಿ ಹಿಡಿಸಲು ಬಂದದ್ದು. ಗಿರಿಜಕ್ಕ ಬೆಲ್ಲ ಕಚ್ಚಿಕೊಂಡು ನನ್ನ ಬಾಗಿಲಿಗೊರಗಿ ಕೇಳುವರು, "ಎಂತ ಮಾರಾಯ, ಈ ವಾರ ಯಾರದ್ದು ಹಿಡಿಸಿದೆ?" ಬಿಡಿಸಿದವರ ವಿಷಯ ಅವರಿಗೆ ಬೇಕಿರಲಿಲ್ಲ. "ಅವರು ನಿಧಾನಕ್ಕೆ ಬರ್ತಾರೆ, ಟೈಮಿದೆ. ಹಿಡಿಸಿದವರು ಯಾರು ಹೇಳು. ಎರಡು ತಿಂಗಳಲ್ಲಿ ಎರಡು ಇಂಚು ಹೋದವರಿಗೆ ಟೈಮಿಲ್ಲ." ಇದೇ ನಿಯಮ ಎಂದು ನಾನು ಬುದ್ಧಿವಂತಿಕೆ ತೋರಿಸಲು ಹೋದರೆ ಗದರಿಸುವರು: "ದಪ್ಪ ಇದ್ದವರಿಗೂ ಆಳು ಬರದೆ ಇರೋದುಂಟು, ಸಣ್ಣ ಇದ್ದವರಿಗೂ ಮೇಸ್ತ್ರಿ ಸಾಕಾಗೋದುಂಟು. ಟೇಪು ಹಿಡಿದವ್ನೆಲ್ಲ ಡಾಕ್ಟ್ರಾದ್ರೆ ಊರು ಉಳೀತದಾ?"

ಊರಿನ ಸೊಂಟದ ಸುದ್ದಿ ಹೀಗೆ ಹಂಚುವುದು ಸರಿಯೇ ಎಂದು ನೀವು ಕೇಳಬಹುದು. ಸರಿಯಲ್ಲ. ಆದರೆ ಅದರಿಂದ ಒಬ್ಬ ಪಿಕಪ್ ಓಡಿಸುವವನು ಉಳಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂವತ್ತು ದಾಟದ ಆಸಾಮಿ. ಅವನ ಅಪ್ಪನಿಗೆ ಸಕ್ಕರೆ ಇತ್ತೆಂದು ಇವನಿಗೂ ಅದೇ ಎಂದು ಯಾರೋ ಅದೇ ಮಾತ್ರೆ ಶುರುಮಾಡಿಸಿದ್ದರು. ನನ್ನ ಹತ್ತಿರ ಪ್ಯಾಂಟು ಮೂರನೇ ಸಲ ಹಿಡಿಸಲು ಬಂದ. ನಾನು ಗಿರಿಜಕ್ಕನಿಗೆ ಹೇಳಿದೆ. ಅವರು ಹಲಗೆ ತಟ್ಟಿ ಅವನನ್ನು ಕರೆಸಿಕೊಂಡರು, ನಾನೂ ಜೊತೆಗೆ ಹೋದೆ. ಮೂಸಿದರು. ವಾಸನೆ ಇರಲಿಲ್ಲ. ಹಾಗೆಂದು ಬಿಡಲಿಲ್ಲ.

"ಸಣ್ಣವ್ನಿದ್ದಾಗಿಂದ ಹೊಟ್ಟೆನೋವು ಬಂದು ಹೋಗ್ತದಾ?"

"ಹೌದು. ನಿಮಗೆ ಹೆಂಗೆ ಗೊತ್ತು?"

"ಕಕ್ಕಸ್ಸಿಗೆ ಹೋದ್ರೆ ಎಣ್ಣೆ ತೇಲ್ತದಾ ನೀರಲ್ಲಿ?"

ಅವನು ನಾಚಿಕೊಂಡು ನನ್ನ ಕಡೆ ನೋಡಿದ. ನಾನು ಸೂಜಿಗೆ ದಾರ ಪೋಣಿಸುವವನ ಹಾಗೆ ತಲೆ ತಗ್ಗಿಸಿದೆ. ಡಾಕ್ಟರಿಗೆ ಚೀಟಿ ಹೋಯಿತು. ಹೊಟ್ಟೆಯ ಎಕ್ಸ್‌ರೇ ತೆಗೆಸಿದರೆ, ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯ ತುಂಬ ಹರಳು, ಬಿಳೀ ಎಳ್ಳು ಚೆಲ್ಲಿದ ಹಾಗೆ. ಸಕ್ಕರೆಯನ್ನು ಹದದಲ್ಲಿಡುವ ರಸ ಹುಟ್ಟುವ ಜಾಗವೇ ಕಲ್ಲಾಗಿತ್ತು. ಅಪ್ಪನ ಸಕ್ಕರೆಗೂ ಮಗನ ಸಕ್ಕರೆಗೂ ಹೆಸರು ಬಿಟ್ಟರೆ ಯಾವ ಸಂಬಂಧವೂ ಇರಲಿಲ್ಲ. "ಇದು ತೋಟಕ್ಕೇ ಕಲ್ಲು ಬಿದ್ದದ್ದು" ಎಂದು ಗಿರಿಜಕ್ಕ ಆಮೇಲೆ ನನಗೆ ಹೇಳಿದರು. ಆ ಹೊತ್ತಿನಲ್ಲಿ ಅವರು ಬೆಲ್ಲ ಕಚ್ಚಲಿಲ್ಲ.

ಇಷ್ಟೆಲ್ಲ ಪಕ್ಕದಲ್ಲೇ ಕೂತು ಕಂಡವನು ನಾನು. ಆದರೂ ನನ್ನ ಮನೆಯಲ್ಲಿ ಆದದ್ದನ್ನು ಈಗ ಹೇಳಬೇಕು.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಅನುಷ. ಅವಳು ಬಿಕಾಂ ಕೊನೇ ವರ್ಷದಲ್ಲಿದ್ದಾಗ ಬೇಗಾರಿನ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೇ ಜನ, ಹುಡುಗ ಗುಣವಂತ, ಫೋಟೋ ನೋಡಿ ಒಪ್ಪಿದ್ದರು. ಅದೇ ತಿಂಗಳು ಅನುಷ ಸಣ್ಣಗಾಗತೊಡಗಿದಳು. ನೆಂಟರೆಲ್ಲ, "ಮದುವೆ ಕಳೆ ಬಂದಿದೆ ಮಾರಾಯ್ತಿ, ಲಕ್ಷಣವಾಗಿ ಕಾಣ್ತಿದಾಳೆ" ಎಂದರು. ಹುಡುಗಿಯರು ಈಗ ಡಯಟ್ ಮಾಡುತ್ತಾರಲ್ಲ, ಹಾಗೇ ಇರಬೇಕೆಂದು ನಾನೂ ಹಿಗ್ಗಿದೆ. ಅವಳ ಬ್ಲೌಸನ್ನು ನಾನೇ ಹಿಡಿದೆ. ಮೊದಲು ಒಂದು ಇಂಚು. ಇಪ್ಪತ್ತು ದಿನದ ಮೇಲೆ ಮತ್ತೆ ಒಂದೂವರೆ. ಆ ವಾರ ಗಿರಿಜಕ್ಕ ಬಾಗಿಲಿಗೊರಗಿ ಕೇಳಿದರು, "ಯಾರದ್ದು ಹಿಡಿಸಿದೆ?"

"ಯಾರದ್ದೂ ಇಲ್ಲಕ್ಕ" ಎಂದೆ.

ಊರಿನವರ ಸೊಂಟವನ್ನೆಲ್ಲ ಹೇಳಿದ ನಾಲಗೆ ಅದು. ಯಾಕೆ ಹಾಗೆ ಹೇಳಿದೆ? ಒಳಗೆಲ್ಲೋ ಗೊತ್ತಿತ್ತು ಎಂದೇ ಅರ್ಥ. ಅನುಷ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ಮತ್ತೆ ಮತ್ತೆ ಹಿತ್ತಿಲಿಗೆ ಹೋಗುತ್ತಿದ್ದಳು. ನನ್ನ ಹೆಂಡತಿ ಲಲಿತಳಿಗೆ ಆರು ವರ್ಷದಿಂದ ಸಕ್ಕರೆ ಇದೆ. ಮೀಟರು ಮನೆಯಲ್ಲೇ ಇತ್ತು. ಒಂದು ಬೆಳಗ್ಗೆ ಬಾಗಿಲು ಹಾಕಿಕೊಂಡು ಮಗಳ ಬೆರಳು ಚುಚ್ಚಿ ನೋಡಿದಳು. ನಾನೂರರ ಹತ್ತಿರ ಇತ್ತು.

ಎರಡು ವಾರ ಬಿಟ್ಟು ಒಂದು ಭಾನುವಾರ ಬೇಗಾರಿನವರು ಹುಡುಗಿ ನೋಡಲು ಬರುವವರಿದ್ದರು. ಕೊಪ್ಪದ ಆಸ್ಪತ್ರೆಯಲ್ಲಿ ಮಗಳ ಹೆಸರಿನಲ್ಲಿ ಒಂದು ಚೀಟಿ ಬರೆಸಿದರೆ ಸಾಕು, ಸಂಜೆಯೊಳಗೆ ಮೂರು ತಾಲ್ಲೂಕಿಗೆ ಗೊತ್ತಾಗುತ್ತದೆ. ಹೆಣ್ಣಿಗೆ ಸಕ್ಕರೆ ಎಂದರೆ ಮುಗಿಯಿತು. ಲಲಿತ ಯೋಚಿಸಿ ಒಂದು ದಾರಿ ಹುಡುಕಿದಳು. ಅವಳ ಬಳಿ ಒಂದು ಪುಸ್ತಕವಿತ್ತು. ತನ್ನ ಸಕ್ಕರೆ ಎಷ್ಟೆಂದು ದಿನಾಂಕ ಹಾಕಿ ಬರೆದು, ತಿಂಗಳಿಗೊಮ್ಮೆ ನರಸಿಂಹರಾಜಪುರದ ಡಾಕ್ಟರಿಗೆ ತೋರಿಸುವ ಪುಸ್ತಕ. ಅದರಲ್ಲಿ ತನ್ನದರ ಬದಲು ಮಗಳದ್ದನ್ನು ಬರೆಯತೊಡಗಿದಳು. ನಾಲ್ಕು ದಿನದ್ದು ಬರೆದು, ತೆಗೆದುಕೊಂಡು ಹೋಗಿ, "ಡಾಕ್ಟ್ರೇ, ಯಾಕೋ ನಂಗೆ ಏರಿಬಿಟ್ಟಿದೆ" ಎಂದಳು. ಐವತ್ತರ ಹೆಂಗಸು, ಹಳೇ ರೋಗಿ, ಮೈತುಂಬ ಇದ್ದಾಳೆ. ಅವರು ಏನು ಮಾಡಬೇಕೋ ಅದನ್ನೇ ಮಾಡಿದರು. ಮಾತ್ರೆ ಹೆಚ್ಚಿಸಿದರು. ಆ ಮಾತ್ರೆ ಮನೆಗೆ ಬಂದು ಮಗಳ ಹೊಟ್ಟೆಗೆ ಹೋಯಿತು.

ನನಗೆ ಇದೆಲ್ಲ ಗೊತ್ತಿತ್ತು. ಬೇಡ ಎನ್ನಲಿಲ್ಲ. "ಮದುವೆಯೊಂದು ಆಗಿಬಿಡಲಿ, ಆಮೇಲೆ ದೊಡ್ಡ ಡಾಕ್ಟ್ರಿಗೆ ತೋರಿಸುವ" ಎಂದು ನಾನೇ ಅಂದದ್ದು.

ಮಾತ್ರೆ ಶುರುವಾದ ಒಂಬತ್ತನೇ ದಿನ ಅನುಷಳಿಗೆ ವಾಂತಿ, ಹೊಟ್ಟೆನೋವು. ಪಿತ್ತ ಇರಬೇಕೆಂದು ಪುನರ್ಪುಳಿ ಶರಬತ್ತು ಕುಡಿಸಿದೆವು. ಹತ್ತನೇ ದಿನ ಶುಕ್ರವಾರ, ಭಾನುವಾರಕ್ಕೆ ಉಡುವ ಸೀರೆಯ ಬ್ಲೌಸು ಸಡಿಲ ಎಂದು ಅಂಗಡಿಗೆ ಬಂದಳು. ಟ್ರಯಲ್ ನೋಡಲು ಪರದೆಯ ಹಿಂದೆ ಹೋದವಳು, ಬಟ್ಟೆ ಬದಲಿಸಿ ಬ್ಲೌಸನ್ನು ನನ್ನ ಕೈಗೆ ಕೊಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹನ್ನೊಂದು ಗಂಟೆ. ಗಿರಿಜಕ್ಕ ಟೀ ಲೋಟ ಹಿಡಿದು ಬಂದು ಹೊಸ್ತಿಲಲ್ಲಿ ನಿಂತರು. ಬಾಗಿಲಿಗೆ ಒರಗಲಿಲ್ಲ.

"ಇಲ್ಲಿ ಹಣ್ಣು ಯಾರಿಟ್ಟಿದಾರೆ?"

"ಹಣ್ಣೆಲ್ಲಿ ಬಂತಕ್ಕ. ಬಟ್ಟೆ ಅಂಗಡಿಯಲ್ಲಿ?"

ಅವರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಮಿಶನ್ನು ನಿಲ್ಲಿಸು ಎಂದು ಕೈ ತೋರಿಸಿದರು. ನಿಲ್ಲಿಸಿದೆ. ಆಗ ಪರದೆಯ ಹಿಂದಿನ ಉಸಿರು ನನಗೂ ಕೇಳಿಸಿತು. ಗುಡ್ಡ ಹತ್ತಿ ಬಂದವರ ಉಸಿರಿನ ಹಾಗೆ, ಆಳವಾಗಿ, ಒಂದೇ ಸಮ. ಕೂತವಳು ಹಾಗೆ ಉಸಿರಾಡುತ್ತಿದ್ದಾಳೆ.

ಗಿರಿಜಕ್ಕ ಪರದೆ ಸರಿಸಿದರು. ಅನುಷಳ ಗಲ್ಲ ಹಿಡಿದೆತ್ತಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ನಾಲಿಗೆ ತೋರಿಸು ಮಗ."

ನಾಲಿಗೆ ಒಣಗಿದ ತೊಗಲಿನ ಹಾಗಿತ್ತು.

"ಪಿತ್ತ ಅಕ್ಕ, ನಿನ್ನೆಯಿಂದ" ಎಂದೆ ನಾನು.

"ಎಷ್ಟು ಹಿಡಿದಿದೀಯ ಇವಳದ್ದು?"

"ಒಂದು ಇಂಚು."

ಅವರು ಮಿಶನ್ನಿನ ಮೇಲಿದ್ದ ಬ್ಲೌಸನ್ನು ತೆಗೆದು ಒಳಮೈ ತಿರುವಿ ಬೆಳಕಿಗೆ ಹಿಡಿದರು. ಹೊಲಿಗೆ ಬಿಚ್ಚಿದ ಮೇಲೂ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದೆ. ಹಳೇ ತೂತು ಎರಡು ಸಾಲು ಇತ್ತು, ಮೂರನೆಯದಕ್ಕೆ ನಾನು ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದೆ. ಆ ಬ್ಲೌಸನ್ನು ನನ್ನ ಎದೆಗೆ ಎಸೆದು, "ನಿನ್ನ ಬಾಯಿಗಿಂತ ನಿನ್ನ ಹೊಲಿಗೆ ಸತ್ಯ ಹೇಳ್ತದೆ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಲ್ಯಾಬಿನಲ್ಲಿ, ಕೊಬ್ಬು ಸುಟ್ಟ ವಿಷ ತೋರಿಸುವ ಪಟ್ಟಿಯನ್ನು ಅವಳ ಮೂತ್ರದಲ್ಲಿ ಅದ್ದಿದರು. ಎಣಿಸುವುದರೊಳಗೆ ಅದು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಡಾಕ್ಟರು ರಸ್ತೆ ದಾಟಿ ಓಡಿ ಬಂದರು. "ಯಾವಾಗಿಂದ? ಏನು ಕೊಡ್ತಿದೀರಿ?" ಎಂದು ಕೇಳಿದರು. ನಾನು ಹೇಳಲಾರದೆ ಹೇಳಿದೆ. ಪುಸ್ತಕದ ವಿಷಯ, ಅಮ್ಮನ ಮಾತ್ರೆಯ ವಿಷಯ. ಗಿರಿಜಕ್ಕ ಆಂಬುಲೆನ್ಸಿಗೆ ಫೋನು ಹಚ್ಚುತ್ತಿದ್ದವರು ಕಿವಿಯಿಂದ ಫೋನು ತೆಗೆದು ನನ್ನನ್ನು ನೋಡಿದರು.

"ಮಗಳ ರಕ್ತ ಅಮ್ಮನ ಹೆಸರಲ್ಲಿ ಬರೆದ್ರೆ ಔಷಧಿ ಅಮ್ಮನಿಗೆ ಬರೀತಾರೆ. ಸಾವು ಹೆಸರು ಕೇಳ್ಕೊಂಡು ಬರಲ್ಲ ಮಾರಾಯ."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರು ದಿನ ಅನುಷ ಗಾಜಿನ ಬಾಗಿಲಿನಾಚೆ ಇದ್ದಳು. ಮೊದಲ ದಿನ ಅವಳಿಗೆ ನಮ್ಮ ಗುರುತು ಇರಲಿಲ್ಲ. ಬೇಗಾರಿನವರಿಗೆ ಜ್ವರ ಎಂದಷ್ಟೇ ಹೇಳಿ ಭಾನುವಾರ ತಪ್ಪಿಸಿದೆವು. ಇನ್ನು ಅರ್ಧ ದಿನ ತಡವಾಗಿದ್ದರೆ ಎಂದು ಅಲ್ಲಿಯ ಡಾಕ್ಟರು ಹೇಳಲು ಶುರುಮಾಡಿ ಲಲಿತಳ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಒಂದೆರಡು ಪರೀಕ್ಷೆ ಹೊರಗೆ ಕಳಿಸಿದರು. ದೇಹ ತಾನೇ ತನ್ನ ಗ್ರಂಥಿಯ ಮೇಲೆ ಏರಿಹೋಗಿದೆಯಾ ಎಂದು ನೋಡುವುದೊಂದು, ಒಳಗೆ ಇನ್ಸುಲಿನ್ ಎಷ್ಟು ಉಳಿದಿದೆ ಎಂದು ನೋಡುವುದು ಇನ್ನೊಂದು. ಮೊದಲನೆಯದು ಹೌದೆಂದಿತು, ಎರಡನೆಯದು ಏನೂ ಇಲ್ಲವೆಂದಿತು. ಗಿರಿಜಕ್ಕ ಆ ಎರಡು ಕಾಗದವನ್ನು ಕನ್ನಡಕ ಏರಿಸಿ ಓದಿ, "ಆಳೇ ಬಂದಿಲ್ಲ" ಎಂದರು. ಜನ್ಮಪೂರ್ತಿ ಇಂಜೆಕ್ಷನ್.

ಅನುಷ ಮನೆಗೆ ಬಂದ ವಾರ ಗಿರಿಜಕ್ಕ ನಮ್ಮ ಮನೆಗೆ ಬಂದರು. ಅಷ್ಟು ವರ್ಷದಲ್ಲಿ ಮೊದಲ ಸಲ. ಲಲಿತ ಕಾಫಿ ತಂದರೆ ಮುಟ್ಟಲಿಲ್ಲ. "ಬೇಗಾರಿನವರಿಗೆ ಯಾರು ಹೇಳ್ತೀರಿ? ನೀನಾ, ಅವಳಾ, ನಾನಾ?" ಎಂದರು. ಲಲಿತ ಅತ್ತಳು. "ಗಿರಿಜಕ್ಕ, ಹೆಣ್ಣು ಹೆತ್ತವರ ಕಷ್ಟ ನಿಮಗೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಗಿರಿಜಕ್ಕನಿಗೆ ಬೇಸರವಾಗಿರಬೇಕು, ತೋರಿಸಿಕೊಳ್ಳಲಿಲ್ಲ. "ಹೆತ್ತಿಲ್ಲ, ಹೌದು. ಅದಕ್ಕೇ ನಂಗೆ ಮದುವೆಗಿಂತ ಹುಡುಗಿ ದೊಡ್ಡದಾಗಿ ಕಾಣ್ತದೆ" ಎಂದರು. ನಾನೇ ಫೋನು ಮಾಡಿ ಹೇಳಿದೆ. ಅವರು ಮರ್ಯಾದಸ್ಥರು, "ಜಾತಕ ಇನ್ನೊಮ್ಮೆ ತೋರಿಸ್ತೀವಿ" ಎಂದರು. ಮತ್ತೆ ಫೋನು ಬರಲಿಲ್ಲ. ಅನುಷ ಈಗ ಕೊಪ್ಪದಲ್ಲೇ ಒಂದು ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಊಟಕ್ಕೆ ಮುಂಚೆ ಎಲ್ಲರೆದುರೇ ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ. ಅದನ್ನೂ ಗಿರಿಜಕ್ಕನೇ ಹೇಳಿಕೊಟ್ಟದ್ದು. "ಕದ್ದು ಚುಚ್ಕೊಂಡ್ರೆ ಒಂದಿನ ಮರೀತೀಯ. ನಾಲ್ಕು ಜನ ನೋಡ್ತಿದ್ರೆ ಅವರೇ ನೆನಪು ಮಾಡ್ತಾರೆ."

ನನ್ನ ಜೊತೆ ಮಾತ್ರ ಅವರು ಬಹಳ ದಿನ ಮೊದಲಿನ ಹಾಗಿರಲಿಲ್ಲ. ಟೀ ಹಿಡಿದು ಬರುತ್ತಿದ್ದರು, ಹಿಡಿಸಿದ್ದು ಯಾರದ್ದೆಂದು ಕೇಳುತ್ತಿರಲಿಲ್ಲ. ನಾನೇ ಹೇಳಿದರೆ "ಹ್ಞೂಂ" ಎನ್ನುವರು. ನಂಬಿಕೆ ಎಂಬುದು ಒಮ್ಮೆ ಬಿಚ್ಚಿದ ಹೊಲಿಗೆಯಲ್ಲ, ಮತ್ತೆ ಮೇಲೊಂದು ಹಾಕಿ ಮುಚ್ಚುವುದಕ್ಕೆ.

ಒಂದೂವರೆ ವರ್ಷ ಕಳೆದಿರಬೇಕು. ಒಂದು ಬೆಳಗ್ಗೆ ಅವರು ಟೀ ಇಲ್ಲದೆ ಬಂದು ನನ್ನ ಗಿರಾಕಿಗಳ ಕುರ್ಚಿಯಲ್ಲಿ ಕೂತರು.

"ನಂಗೂ ಬಂತು ಮಾರಾಯ."

ನನಗೆ ಅರ್ಥವಾಗಿ ನಗು ಬಂತು. "ಅಷ್ಟು ಬೆಲ್ಲ ತಿಂದ್ರೆ ಬರದೆ ಇರ್ತದಾ? ವಯಸ್ಸೂ ಆಯ್ತಲ್ಲಕ್ಕ. ಒಂದು ಮಾತ್ರೆ ತಗೊಳ್ಳಿ, ನಮ್ಮ ಲಲಿತನ ಹಾಗೆ."

"ನಿಂಗೆ ಇಷ್ಟು ವರ್ಷ ಪಾಠ ಹೇಳಿದ್ದು ದಂಡ" ಎಂದರು. ಗದರಿಕೆ ಇರಲಿಲ್ಲ ದನಿಯಲ್ಲಿ. ಬೆರಳು ಮಡಚುತ್ತ ಹೋದರು. "ನಮ್ಮನೇಲಿ ಹಿಂದೆ ಮುಂದೆ ಯಾರಿಗೂ ಇಲ್ಲ. ನಂಗೆ ಸೊಂಟ ಅಂತ ಯಾವತ್ತೂ ಇರಲಿಲ್ಲ. ಅರವತ್ತೊಂದನೇ ವಯಸ್ಸಲ್ಲಿ ಒಂದೇ ಸಲ ಏರಿದೆ. ಮೂರು ತಿಂಗಳಲ್ಲಿ ಎಂಟು ಕೆಜಿ ಹೋಗಿದೆ. ಊಟ ಸೇರಲ್ಲ. ಬೆನ್ನಲ್ಲಿ ಒಂದು ನೋವು, ಮುಂದೆ ಬಗ್ಗಿ ಕೂತ್ರೆ ಮಾತ್ರ ಕಮ್ಮಿ. ಇಲ್ಲಿ ಸಕ್ಕರೆ ರೋಗ ಅಲ್ಲ. ಹಿಂದೆ ಇನ್ನೊಬ್ಬ ಬರ್ತಿದಾನೆ, ಇದು ಅವನ ಮುಂದೆ ಡಂಗುರ ಹೊಡ್ಕೊಂಡು ಬಂದದ್ದು."

"ಹಂಗೆಲ್ಲ ನೀವೇ ಹೇಳ್ಕೊಂಡ್ರೆ ಹೆಂಗಕ್ಕ. ನೀವು ಡಾಕ್ಟ್ರಲ್ಲ."

"ಅಲ್ಲ. ಚೀಟಿ ಬರೆದು ಡಾಕ್ಟ್ರಿಗೆ ಕೊಟ್ಟು ಬಂದೆ. 'ಸರ್, ಗಿರಿಜಮ್ಮನ ಹೊಟ್ಟೆ ಸ್ಕ್ಯಾನ್ ಮಾಡಿಸಿ' ಅಂತ. ಓದಿ ತಲೆ ಎತ್ತಲೇ ಇಲ್ಲ ಪಾಪ."

ಸ್ಕ್ಯಾನಿನಲ್ಲಿ ಅವರು ಹೇಳಿದ್ದೇ ಇತ್ತು. ಅದೇ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಅಷ್ಟು ಹೊತ್ತಿಗೆ ಅದು ಲಿವರಿಗೂ ಹೋಗಿತ್ತು. ಲ್ಯಾಬಿನ ಸಾಮಾನನ್ನು ಯಾರಿಗೋ ಕೊಟ್ಟು, ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟು, ಶೃಂಗೇರಿಯಲ್ಲಿರುವ ತಮ್ಮನ ಮಗಳ ಮನೆಗೆ ಹೋದರು.

ನಾನೂ ಲಲಿತಳೂ ನೋಡಲು ಹೋದೆವು. ಮಧ್ಯಾಹ್ನ, ಜಗುಲಿಯ ಮಂಚದ ಮೇಲೆ ದಿಂಬು ತಬ್ಬಿ ಮುಂದಕ್ಕೆ ಬಗ್ಗಿ ಕೂತಿದ್ದರು. ಕಣ್ಣು ಅರಿಶಿನವಾಗಿತ್ತು. ನಾನು ಎರಡು ಹೊಸ ಬ್ಲೌಸು ಹೊಲಿದು ತಂದಿದ್ದೆ, ಕಣ್ಣಂದಾಜಿನ ಅಳತೆಯಲ್ಲಿ. ಹಾಕಿ ನೋಡುವ ಶಕ್ತಿ ಅವರಿಗಿರಲಿಲ್ಲ. ಬಟ್ಟೆ ಸವರಿ, "ಒಳ್ಳೇ ಬಟ್ಟೆ, ಯಾರಿಗಾದ್ರೂ ಆಗ್ತದೆ" ಎಂದರು. ಲಲಿತ ಅವರ ಕಾಲ ಬಳಿ ಕೂತಿದ್ದಳು. ಅಂದು ನಮ್ಮ ಮನೆಯಲ್ಲಿ ಆಡಿದ ಅರ್ಧ ಮಾತಿಗೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದವಳು, ಅಲ್ಲಿ ಬರೀ ಪಾದ ಒತ್ತುತ್ತಿದ್ದಳು.

ಹೊರಡುವಾಗ ಗಿರಿಜಕ್ಕ ಕೇಳಿದರು, "ಸಣ್ಣವಳಿಗೆ ಈಗ ಎಷ್ಟು?"

"ಹದಿಮೂರು ತುಂಬ್ತು" ಎಂದಳು ಲಲಿತ.

"ನೀರು ಹೇಗೆ ಕುಡೀತಾಳೆ?"

ಅದುವರೆಗೆ ಆ ಕಡೆ ನಮ್ಮ ಯೋಚನೆಯೇ ಹೋಗಿರಲಿಲ್ಲ.

"ಹೆದರ್ಬೇಡಿ. ಅಕ್ಕನಿಗೆ ಬಂದದ್ದು ತಂಗಿಗೆ ಬಂದೇ ಬರ್ತದೆ ಅಂತಿಲ್ಲ. ಹೆಚ್ಚಿನವರಿಗೆ ಬರಲ್ಲ." ಉಸಿರು ತೆಗೆದುಕೊಂಡರು. "ಬರೋದೇ ಇಲ್ಲ ಅಂತಲೂ ಇಲ್ಲ. ಕಂಡ ದಿನ ಕಾಯಬೇಡಿ. ಮಾರನೇ ದಿನಕ್ಕೆ ಇಡಬೇಡಿ."

ಹದಿನೆಂಟು ದಿನದ ಮೇಲೆ ಹೋದರು. ಅವರ ಲ್ಯಾಬಿನ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುವ ಅಂಗಡಿ. ಆ ಕಡೆಯಿಂದ ಈಗ ಹಾಡು ಕೇಳುತ್ತದೆ, ಕೆಮ್ಮು ಕೇಳುವುದಿಲ್ಲ. ಹಿಡಿಸಲು ಬಂದವರಿಗೆ ನಾನೇ ನೇರವಾಗಿ ಹೇಳುತ್ತೇನೆ, "ಒಂದು ಟೆಸ್ಟ್ ಮಾಡಿಸಿ" ಎಂದು. ಕೆಲವರು ಬೈದುಕೊಂಡು ಹೋಗುತ್ತಾರೆ. ಬೇರೆ ಟೈಲರನ ಹತ್ತಿರ ಹೋದವರೂ ಇದ್ದಾರೆ.

ಮೊನ್ನೆ ಭಾನುವಾರ ಊಟಕ್ಕೆ ಕೂತಿದ್ದೆವು. ಚಿಕ್ಕವಳು, ಸಿಂಚನ, ಊಟದ ನಡುವೆ ಎದ್ದು ಹೋಗಿ ನೀರು ಕುಡಿದು ಬಂದಳು. ಪಾಯಸ ಆಗುವ ಹೊತ್ತಿಗೆ ಮತ್ತೆ ಎದ್ದಳು. ಸೆಖೆ ಇತ್ತು, ಸಾರು ಖಾರವೂ ಇತ್ತು. ಅನುಷ ಕೈ ತೊಳೆದು ಬಂದು ತನ್ನ ಮೀಟರು ತೆಗೆದು ತಂಗಿಯ ಬೆರಳು ಚುಚ್ಚಿದಳು. ನೂರ ತೊಂಬತ್ತು.

"ಪಾಯಸ ತಿಂದಿದಾಳಲ್ಲ" ಎಂದೆ.

"ಹೌದಪ್ಪ. ಅದಕ್ಕೇ ಇರಲೂಬಹುದು, ಅಲ್ಲದೆಯೂ ಇರಬಹುದು. ಇದ್ರಲ್ಲಿ ಗೊತ್ತಾಗಲ್ಲ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರ್ಕೊಂಡು ಹೋಗಿ. ನಂಗೆ ಮಾಡಿದ್ರಲ್ಲ, ಆ ಟೆಸ್ಟೂ ಮಾಡಿಸಿ." ಅವಳು ಪಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುವಿದಳು.

ಸೋಮವಾರ ಬೆಳಗ್ಗೆ ಎಂಟಕ್ಕೇ ಕೊಪ್ಪದ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತೆವು. ನಮ್ಮ ಹಿಂದೆ ಹದಿನೈದು ಜನರ ಸಾಲು. ಮೂರು ಜನ ನನ್ನ ಗಿರಾಕಿಗಳು, ಒಬ್ಬಾಕೆ ಲಲಿತಳ ಸೋದರತ್ತೆಯ ನಾದಿನಿ. "ಎಂತ ಟೈಲರಣ್ಣ, ಯಾರಿಗೆ ಹುಷಾರಿಲ್ಲ?" ಎಂದು ಆಕೆ ಕುತ್ತಿಗೆ ಉದ್ದ ಮಾಡಿದರು. ಕಿಟಕಿಯೊಳಗಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಪೇಶೆಂಟ್ ಹೆಸರು?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಲಲಿತ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಬೀದಿಯಾಚೆಗೆ ಕೂಗಿ ಕರೆಯುವಾಗಿನ ದನಿಯಲ್ಲಿ ಹೇಳಿದಳು.

"ಸಿಂಚನ. ಹದಿನಾಲ್ಕು ವರ್ಷ. ನನ್ನ ಮಗಳು. ಸಕ್ಕರೆ ಯಾವ ಜಾತಿ ಅಂತ ನೋಡುವ ಟೆಸ್ಟೂ ಬೇಕು. ಇವಳ ಅಕ್ಕನಿಗೆ ಇದೆ."

ಹುಡುಗಿ ಟೈಪು ಮಾಡಿದಳು. ರಕ್ತ ತೆಗೆದರು. ಬರೀ ಸಕ್ಕರೆಯದ್ದು ಗಂಟೆಯೊಳಗೆ ಕೊಡುತ್ತೇವೆ, ಇನ್ನೊಂದು ಬೆಂಗಳೂರಿಗೆ ಹೋಗಿ ಬರಬೇಕು, ಒಂದು ವಾರ ಎಂದರು. ನಾವು ಮೂವರೂ ಬೆಂಚಿನ ಮೇಲೆ ಕೂತೆವು. ಸಿಂಚನ ಹತ್ತಿಯುಂಡೆ ಒತ್ತಿ ಹಿಡಿದು ಕಾಲು ಆಡಿಸುತ್ತಿದ್ದಳು. ನಾನು ಅವಳ ಕಡೆ ಬಗ್ಗಿ ಉಸಿರೆಳೆದುಕೊಂಡೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬಿಟ್ಟರೆ ಬೇರೆ ವಾಸನೆ ಬರಲಿಲ್ಲ. ಆದರೆ ನನ್ನ ಮೂಗು ಯಾವ ಜಾತಿಯದ್ದೋ ನನಗೆ ಗೊತ್ತಿಲ್ಲ.

"ಎಂತಪ್ಪ?" ಎಂದಳು.

"ಏನಿಲ್ಲ."

ಹತ್ತಿಯುಂಡೆ ಎತ್ತಿ ನೋಡಿ, "ಅಪ್ಪಾ, ಬಾಯಾರ್ತದೆ" ಎಂದಳು.

ಎದುರಂಗಡಿಯಿಂದ ನೀರಿನ ಬಾಟಲಿ ತಂದುಕೊಟ್ಟೆ. ಅವಳು ತಲೆಯೆತ್ತಿ ಕುಡಿಯತೊಡಗಿದಳು. ಎಲ್ಲಿ ನಿಲ್ಲಿಸುತ್ತಾಳೆ ಎಂದು ನಾವಿಬ್ಬರೂ ನೋಡುತ್ತ ಕೂತೆವು.